ಲ್ಯಾಬ್‌ನಲ್ಲಿ ಪಳಗಿದ ಕೈ: ನರ್ವ್ ಬ್ಲಾಕ್ ಕಲಿಯುವ ರೆಸಿಡೆಂಟ್‌ಗಳಿಗೆ ಸಿಮ್ಯುಲೇಶನ್ ತರಬೇತಿ ಕೊಡುವುದು ಹೇಗೆ?

ರೀಜನಲ್ ಅನಸ್ತೇಷಿಯಾ ಕಲಿಸುವವರಿಗೂ ಕಲಿಯುವವರಿಗೂ ಸೇರಿಸಿಯೇ ಇದನ್ನು ಬರೆಯುತ್ತಿದ್ದೇನೆ. ನರದ ಸುತ್ತ ಔಷಧಿ ಬಿಟ್ಟು (ಇದೇ ನರ್ವ್ ಬ್ಲಾಕ್) ಮೈಯ ಒಂದು ಭಾಗವನ್ನಷ್ಟೇ ಮರಗಟ್ಟಿಸುವ ಈ ಕೆಲಸದಲ್ಲಿ ಎಷ್ಟೋ ಸಲ ರೋಗಿ ಎಚ್ಚರವಾಗಿಯೇ ಇರುತ್ತಾರೆ. ನಿಮ್ಮ ಕೈ ನಡುಗಿದ್ದು ಅವರಿಗೆ ಗೊತ್ತಾಗುತ್ತದೆ, ಪಕ್ಕದಲ್ಲಿ ನಿಂತ ಸೀನಿಯರ್ ಪಿಸುಗುಟ್ಟಿದ್ದೂ ಕೇಳಿಸುತ್ತದೆ. ನರ ಹುಡುಕುವ ಅಲ್ಟ್ರಾಸೌಂಡ್ ಪ್ರೋಬ್ ಹಿಡಿಯುವುದು ಹೇಗೆ ಅನ್ನೋ ಮೊದಲ ಪಾಠ ಅಲ್ಲಿ ಶುರುವಾದರೆ ರೋಗಿಗೂ ಅನ್ಯಾಯ, ಕಲಿಯುತ್ತಿರುವ ರೆಸಿಡೆಂಟ್ ವೈದ್ಯರಿಗೂ ಅನ್ಯಾಯ. ಕೈ ಪಳಗುವ ಕೆಲಸ ಅದಕ್ಕಿಂತ ಮೊದಲೇ, ಬೇರೆ ಕಡೆ ಆಗಬೇಕು.

ಹಾಗಂತ ಸಿಮ್ಯುಲೇಶನ್ ಲ್ಯಾಬ್‌ಗೆ, ಅಂದರೆ ಮಾದರಿಗಳ ಮೇಲೆ ಅಭ್ಯಾಸ ಮಾಡುವ ಜಾಗಕ್ಕೆ, ಸುಮ್ನೆ ಹೋಗಿ ಬಂದರೆ ಸಾಕಾಗಲ್ಲ. 2018ರಲ್ಲಿ ಐರ್ಲೆಂಡ್‌ನಿಂದ ಬಂದ ಒಂದು ಅಧ್ಯಯನ ನೋಡಿ. ಹೆರಿಗೆ ನೋವಿಗೆ ಎಪಿಡ್ಯೂರಲ್ (ಬೆನ್ನಿನಲ್ಲಿ ಕೊಡುವ ಮರಗಟ್ಟಿಸುವ ಇಂಜೆಕ್ಷನ್) ಕೊಡುವುದನ್ನು ಎರಡು ಗುಂಪಿಗೆ ಕಲಿಸಿದರು. ಎರಡೂ ಗುಂಪಿಗೆ ಸಿಮ್ಯುಲೇಟರ್ ಸಿಕ್ಕಿತ್ತು. ಆದರೆ ಒಂದು ಗುಂಪಿನವರು ಮಾತ್ರ ಪ್ರತಿ ಹಂತದಲ್ಲೂ ಮೊದಲೇ ಗೊತ್ತು ಮಾಡಿದ ಮಟ್ಟ ಮುಟ್ಟಿ ತೋರಿಸಬೇಕಿತ್ತು, ಆಮೇಲಷ್ಟೇ ಮುಂದಿನ ಹಂತ. ಹೆರಿಗೆ ವಾರ್ಡ್‌ಗೆ ಹೋದ ಮೇಲೆ ಈ ಷರತ್ತು ಇಲ್ಲದ ಗುಂಪಿನವರು ಕೊಟ್ಟ ಎಪಿಡ್ಯೂರಲ್‌ಗಳಲ್ಲಿ ಶೇ. 28.7ರಷ್ಟು ವಿಫಲವಾದವು. ಮಟ್ಟ ಮುಟ್ಟಿ ಬಂದವರಲ್ಲಿ ಅದು ಶೇ. 13.3 ಮಾತ್ರ. ಅರ್ಧಕ್ಕೂ ಕಡಿಮೆ! ‘ಮಟ್ಟ ಮುಟ್ಟದೆ ಮುಂದಕ್ಕಿಲ್ಲ’ ಅನ್ನೋ ಒಂದು ನಿಯಮ ಇಷ್ಟು ಕೆಲಸ ಮಾಡುತ್ತದೆ. ಕೆಳಗೆ ಹೇಳುವ ಎಲ್ಲ ಹಂತಗಳೂ ಈ ನಿಯಮದ ಮೇಲೆಯೇ ನಿಂತಿವೆ.

ಹಂತ 1: ಪಟ್ಟಿ ಚಿಕ್ಕದು ಮಾಡಿಕೊಳ್ಳಿ

ಬ್ಲಾಕ್‌ಗಳ ಪಟ್ಟಿ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಲೇ ಇದೆ. ಹೊಸ ಹೆಸರು ಕೇಳಿದಾಗಲೆಲ್ಲ ಅದನ್ನೂ ಕಲಿಸಬೇಕು ಅನ್ನಿಸುತ್ತದೆ. ಬೇಡ. 2020ರಲ್ಲಿ ಕೆಲವು ತಜ್ಞರು ಸೇರಿ ‘ಪ್ಲಾನ್ ಎ’ ಬ್ಲಾಕ್‌ಗಳು ಅಂತ ಏಳನ್ನು ಆರಿಸಿಕೊಟ್ಟರು: ಭುಜಕ್ಕೆ ಇಂಟರ್‌ಸ್ಕೇಲೀನ್, ಮೊಣಕೈ ಮತ್ತು ಅದರ ಕೆಳಗಿನ ಭಾಗಕ್ಕೆ ಆಕ್ಸಿಲರಿ, ಸೊಂಟದ ಕೀಲಿಗೆ ಫೀಮೊರಲ್, ಮಂಡಿಗೆ ಅಡಕ್ಟರ್ ಕೆನಾಲ್, ಪಾದಕ್ಕೆ ಪಾಪ್ಲಿಟಿಯಲ್ ಸಯಾಟಿಕ್, ಎದೆಗೂಡಿಗೆ ಇರೆಕ್ಟರ್ ಸ್ಪೈನೆ ಪ್ಲೇನ್, ಹೊಟ್ಟೆಯ ನಡುಭಾಗಕ್ಕೆ ರೆಕ್ಟಸ್ ಶೀತ್. ದಿನನಿತ್ಯದ ಹೆಚ್ಚಿನ ಆಪರೇಷನ್‌ಗಳಿಗೆ ಇಷ್ಟು ಸಾಕು.

ಸಿಮ್ಯುಲೇಶನ್‌ಗೆ ಇನ್ನೂ ಇಳಿಸಿ. ಮೊದಲ ಸುತ್ತಿಗೆ ಫೀಮೊರಲ್ ಮತ್ತು ಆಕ್ಸಿಲರಿ ಎರಡೇ ಸಾಕು ಅಂತ ನನ್ನ ಅಭಿಪ್ರಾಯ. ಇಲ್ಲಿ ಕಲಿಯಬೇಕಾದದ್ದು ಕೈಯ ಶಿಸ್ತು. ಅದು ಒಮ್ಮೆ ಬಂದರೆ ಬೇರೆ ಬ್ಲಾಕ್‌ಗಳಿಗೆ ಅಂಗರಚನೆ ಓದಿಕೊಂಡರೆ ಅರ್ಧ ದಾರಿ ಮುಗಿಯಿತು.

ಹಂತ 2: ಸೂಜಿ ಪಕ್ಕಕ್ಕಿಡಿ, ಪ್ರೋಬ್ ಮಾತ್ರ ಹಿಡಿಯಿರಿ

ಮೊದಲ ಸೆಷನ್‌ಗಳಲ್ಲಿ ಸೂಜಿ ಕೊಡಲೇಬೇಡಿ. ರೆಸಿಡೆಂಟ್‌ಗಳು ಒಬ್ಬರ ಕೈ ಇನ್ನೊಬ್ಬರು ಸ್ಕ್ಯಾನ್ ಮಾಡಲಿ. ಸ್ಕ್ಯಾನ್ ಮಾಡಿಸಿಕೊಳ್ಳಲು ಇಷ್ಟ ಇದೆಯಾ ಅಂತ ಮೊದಲು ಕೇಳಿ. ಅಕಸ್ಮಾತ್ ಏನಾದರೂ ಅಸಹಜವಾದದ್ದು ಕಂಡರೆ ಯಾರಿಗೆ ಹೇಳಬೇಕು ಅನ್ನೋದನ್ನೂ ಮೊದಲೇ ಮಾತಾಡಿಕೊಳ್ಳಿ.

ಶುರುವಿಗೆ ನನಗೆ ಇಷ್ಟವಾದ ಜಾಗ ಮುಂಗೈಯ ಮಧ್ಯಭಾಗ. ಲೀನಿಯರ್ ಪ್ರೋಬ್ ಅಡ್ಡ ಇಟ್ಟು, ಡೆಪ್ತ್ ಎರಡರಿಂದ ಮೂರು ಸೆಂಟಿಮೀಟರ್‌ಗೆ ಇಳಿಸಿ. ಮೇಲಿನ ಮತ್ತು ಆಳದ ಎರಡು ಸ್ನಾಯುಗಳ ನಡುವೆ ಜೇನುಗೂಡಿನಂಥ ಒಂದು ಚುಕ್ಕೆ ಕಾಣುತ್ತದೆ, ಅದು ಮೀಡಿಯನ್ ನರ. ಈಗ ಪ್ರೋಬನ್ನು ನಿಧಾನವಾಗಿ ಮಣಿಕಟ್ಟಿನ ಕಡೆ ಜಾರಿಸಿ. ಅಲ್ಲಿಗೆ ಬರುವಷ್ಟರಲ್ಲಿ ಸುತ್ತಲೂ ಅಂಥವೇ ಚುಕ್ಕೆಗಳು ತುಂಬಿಕೊಂಡು, ನರ ಯಾವುದು, ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಯಾವುದು ಗೊತ್ತಾಗದೆ ರೆಸಿಡೆಂಟ್ ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ. ಅಲ್ಲೇ ಪಾಠ ಇದೆ. ಪ್ರೋಬನ್ನು ಸ್ವಲ್ಪ ಓರೆ ಮಾಡಿದರೆ ಟೆಂಡನ್‌ಗಳು ಕಪ್ಪಾಗಿ ಮಾಯವಾಗುತ್ತವೆ, ನರ ಅಷ್ಟು ಸುಲಭಕ್ಕೆ ಮಾಯವಾಗಲ್ಲ. ಇನ್ನೂ ಅನುಮಾನ ಇದ್ದರೆ ಮತ್ತೆ ಮೊಣಕೈ ಕಡೆ ಹಿಂದಕ್ಕೆ ಹೋಗಿ. ಟೆಂಡನ್ ಆಗಿದ್ದದ್ದು ಸ್ನಾಯುವಾಗಿ ಅಗಲವಾಗುತ್ತದೆ, ನರ ನರವಾಗಿಯೇ ಉಳಿಯುತ್ತದೆ. ಹೀಗೆ ಹಿಂದೆ ಮುಂದೆ ಓಡಾಡಿ ನರವನ್ನು ಹಿಂಬಾಲಿಸುವ ಅಭ್ಯಾಸ ಬಂದವರು ಬೇರೆ ಯಾವ ಜಾಗದಲ್ಲೂ ಪೂರ್ತಿ ದಾರಿ ತಪ್ಪಲ್ಲ.

ಪ್ರೋಬ್‌ನ ನಾಲ್ಕು ಚಲನೆಗಳನ್ನು ಬಾಯಿಬಿಟ್ಟು ಹೇಳಿಸಿ: ಒತ್ತುವುದು, ಜಾರಿಸುವುದು, ತಿರುಗಿಸುವುದು, ಓರೆ ಮಾಡುವುದು. ಒಮ್ಮೆಗೆ ಒಂದೇ ಚಲನೆ. ಹೊಸಬರು ಚಿತ್ರ ಹೋದ ತಕ್ಷಣ ನಾಲ್ಕನ್ನೂ ಒಟ್ಟಿಗೆ ಮಾಡಿಬಿಡುತ್ತಾರೆ, ಆಮೇಲೆ ಯಾವುದರಿಂದ ಚಿತ್ರ ಕೆಟ್ಟಿತು ಅಂತ ಅವರಿಗೇ ತಿಳಿಯಲ್ಲ. ಒತ್ತಡದ ಬಗ್ಗೆ ಕಂಕುಳಲ್ಲಿ ಸ್ಕ್ಯಾನ್ ಮಾಡುವಾಗ ಒಂದು ವಿಷಯ ತೋರಿಸಲೇಬೇಕು. ಪ್ರೋಬ್ ಗಟ್ಟಿಯಾಗಿ ಒತ್ತಿದರೆ ಆಕ್ಸಿಲರಿ ಆರ್ಟರಿಯ ಸುತ್ತ ಇರುವ ವೇನ್‌ಗಳು ಮುಚ್ಚಿಕೊಂಡು ಪರದೆಯಲ್ಲಿ ಇಲ್ಲವೇ ಇಲ್ಲ ಅನ್ನಿಸುತ್ತದೆ. ಕೈ ಸಡಿಲಿಸಿದರೆ ಕಪ್ಪು ಗುಂಡಿಗಳ ಹಾಗೆ ಮತ್ತೆ ತೆರೆದುಕೊಳ್ಳುತ್ತವೆ. ಒತ್ತಿ ಹಿಡಿದೇ ಸೂಜಿ ಹಾಕಿ ಔಷಧಿ ಬಿಟ್ಟರೆ ಅದು ನೇರ ರಕ್ತಕ್ಕೆ ಹೋಗಬಹುದು, ಸಿರಿಂಜ್ ಹಿಂದಕ್ಕೆಳೆದಾಗ ರಕ್ತವೂ ಬರದೆ ಇರಬಹುದು. ಇದನ್ನು ಬಾಯಲ್ಲಿ ಹೇಳಿದರೆ ಮರೆತುಹೋಗುತ್ತದೆ. ಅವರದೇ ಕೈಯಲ್ಲಿ ಒತ್ತಿಸಿ, ಬಿಡಿಸಿ ತೋರಿಸಿ.

ಇಲ್ಲಿನ ಮಟ್ಟ ಏನು? ಹೇಳಿದ ನರವನ್ನು ಯಾರ ಸಹಾಯವೂ ಇಲ್ಲದೆ ಹುಡುಕಿ, ಪರದೆಯ ಎಡ ಬಲ ಯಾವುದು ಅಂತ ಹೇಳಿ, ಅಕ್ಕಪಕ್ಕದ ರಕ್ತನಾಳಗಳನ್ನು ತೋರಿಸಿ, ಚಿತ್ರವನ್ನು ಒಂದು ನಿಮಿಷ ಅಲುಗಾಡದಂತೆ ಹಿಡಿಯಬೇಕು. ಕೊನೆಯದನ್ನು ಹಗುರವಾಗಿ ತಗೋಬೇಡಿ. ಕಿರುಬೆರಳನ್ನೋ ಅಂಗೈ ಅಂಚನ್ನೋ ಮೈಮೇಲೆ ಊರದೆ ಪ್ರೋಬನ್ನು ಗಾಳಿಯಲ್ಲಿ ಹಿಡಿದವರಿಗೆ ಒಂದು ನಿಮಿಷ ತುಂಬಾ ದೊಡ್ಡದು.

ಹಂತ 3: ಮಾದರಿ ಸಿದ್ಧ ಮಾಡಿ, ದುಬಾರಿಯದೇ ಬೇಕಾಗಿಲ್ಲ

ಸೂಜಿ ಚುಚ್ಚಲು ಒಂದು ಫ್ಯಾಂಟಮ್, ಅಂದರೆ ಮೈಯ ಬದಲಿಗೆ ಬಳಸುವ ಮಾದರಿ, ಬೇಕು. ಅಂಗಡಿಯಲ್ಲಿ ಸಿಗುವವು ಬಾಳಿಕೆ ಬರುತ್ತವೆ, ಆದರೆ ಬೆಲೆ ಜಾಸ್ತಿ. ಜೆಲಾಟಿನ್‌ನಲ್ಲಿ ನೀವೇ ಮಾಡಿಕೊಳ್ಳಬಹುದು. ಒಂದು ಲೀಟರ್ ನೀರಿಗೆ ಸುಮಾರು 100 ಗ್ರಾಂ ಜೆಲಾಟಿನ್ ಪುಡಿ. ಮೊದಲು ತಣ್ಣೀರಿನಲ್ಲಿ ನೆನೆಸಿ, ಆಮೇಲೆ ಕುದಿಸದೆ ಬಿಸಿ ಮಾಡಿ ಕರಗಿಸಿ. ಹಾಗೇ ಬಿಟ್ಟರೆ ಪರದೆಯಲ್ಲಿ ಬರೀ ಕಪ್ಪು ಕಾಣುತ್ತದೆ, ಅದಕ್ಕೇ ಒಂದೆರಡು ಚಮಚ ಇಸಬ್ಗೋಲ್ ಹಾಕಿದರೆ ಅಂಗಾಂಶದ ಹಾಗೆ ಬೂದು ಬಣ್ಣ ಬರುತ್ತದೆ. ನೊರೆ ತೆಗೆಯಿರಿ, ಗಾಳಿಗುಳ್ಳೆ ಉಳಿದರೆ ಚಿತ್ರ ಹಾಳು. ಡಬ್ಬಿಗೆ ಅರ್ಧ ಹೊಯ್ದು, ಗಟ್ಟಿಯಾಗುತ್ತಾ ಬಂದಾಗ ನೀರು ತುಂಬಿದ ಉದ್ದ ಬಲೂನನ್ನು ರಕ್ತನಾಳ ಅಂತ ಇಟ್ಟು ಉಳಿದರ್ಧ ಹೊಯ್ದು ರಾತ್ರಿಯಿಡೀ ಫ್ರಿಜ್‌ನಲ್ಲಿಡಿ.

ಜೆಲಾಟಿನ್‌ಗೆ ಒಂದು ದೊಡ್ಡ ಕೊರತೆ ಇದೆ. ಅದರಲ್ಲಿ ಸೂಜಿ ತೀರಾ ಚೆನ್ನಾಗಿ ಕಾಣುತ್ತದೆ. ನಿಜವಾದ ಮೈಯಲ್ಲಿ ಸ್ನಾಯು, ಕೊಬ್ಬು, ಪೊರೆಗಳ ಗೆರೆಗಳ ನಡುವೆ ಸೂಜಿಯ ಗೆರೆ ಕಲೆತುಹೋಗುತ್ತದೆ. ಇಲ್ಲಿ ಅಂಥ ತೊಂದರೆ ಇಲ್ಲ, ಹಾಗಾಗಿ ‘ನನಗೆ ಬಂತು’ ಅನ್ನೋ ಭ್ರಮೆ ಬೇಗ ಹುಟ್ಟುತ್ತದೆ. ಇನ್ನೊಂದು, ಹಳೆಯ ಚುಚ್ಚಿದ ದಾರಿಗಳು ಬಿಳಿ ಗೆರೆಗಳಾಗಿ ಉಳಿದು ಅದನ್ನೇ ಸೂಜಿ ಅಂದುಕೊಳ್ಳುತ್ತಾರೆ. ಕರಗಿಸಿ ಮತ್ತೆ ಹೊಯ್ಯಬೇಕು. ಅದಕ್ಕೇ ಜೆಲಾಟಿನ್‌ನಲ್ಲಿ ಶುರು ಮಾಡಿ, ಬೇಗ ಮಾಂಸದ ತುಂಡಿಗೆ ಹೋಗಿ. ಕೋಳಿಯ ಎದೆಭಾಗವೋ ಬೇರೆ ಮಾಂಸವೋ, ಅದರೊಳಗೆ ಒಂದು ಟೆಂಡನ್ ತುಂಡು ತೂರಿಸಿದರೆ ನರದ ಹಾಗೇ ಕಾಣುತ್ತದೆ, ನೀರು ಬಿಟ್ಟಾಗ ಪದರಗಳು ಬಿಡಿಸಿಕೊಳ್ಳುವುದೂ ಗೊತ್ತಾಗುತ್ತದೆ. ಮಾಂಸ ಬೇಡ ಅನ್ನುವವರಿಗೆ ತೋಫು ಆಗುತ್ತದೆ, ಅಷ್ಟು ಚೆನ್ನಾಗಿರಲ್ಲ.

ದುಬಾರಿ ಮಾದರಿ ಇಲ್ಲ ಅಂತ ತರಬೇತಿ ನಿಲ್ಲಿಸಬೇಡಿ. 2009ರ ಒಂದು ಅಧ್ಯಯನದಲ್ಲಿ ಎಪಿಡ್ಯೂರಲ್ ಕಲಿಯುವ ಒಂದು ಗುಂಪಿಗೆ ಬೆಲೆಬಾಳುವ ಸಿಮ್ಯುಲೇಟರ್, ಇನ್ನೊಂದು ಗುಂಪಿಗೆ ಬರೀ ಬಾಳೆಹಣ್ಣು ಕೊಟ್ಟರು. ರೋಗಿಗಳ ಮೇಲೆ ಮಾಡುವಾಗ ಎರಡೂ ಗುಂಪಿನ ಕಲಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಒಂದು ಎಚ್ಚರಿಕೆ. ತರಬೇತಿಗೆ ಬಳಸುವ ಸಿರಿಂಜ್, ಸಲೈನ್, ಔಷಧಿ ಬಾಟಲಿ ಯಾವುದೂ ರೋಗಿಗಳ ಸಾಮಾನಿನ ಹತ್ತಿರ ಸುಳಿಯಬಾರದು. 2014ರ ಕೊನೆಯಲ್ಲಿ ಅಮೆರಿಕದಲ್ಲಿ ತರಬೇತಿಗೆಂದೇ ತಯಾರಿಸಿದ ಸಲೈನ್ ಕ್ಲಿನಿಕ್‌ಗಳಿಗೆ ಹೋಗಿ, 40ಕ್ಕೂ ಜಾಸ್ತಿ ಜನರಿಗೆ ಅದನ್ನೇ ಹಾಕಿಬಿಟ್ಟರು, ಅವರಲ್ಲಿ ಹಲವರು ಕಾಯಿಲೆ ಬಿದ್ದರು. ಪ್ರತಿ ವಸ್ತುವಿಗೂ ‘ತರಬೇತಿಗೆ ಮಾತ್ರ’ ಅಂತ ದೊಡ್ಡದಾಗಿ ಚೀಟಿ ಅಂಟಿಸಿ. ಮುಗಿದ ಮೇಲೆ ಎಣಿಸಿ ಎತ್ತಿಡಿ. ಮಾಂಸಕ್ಕೆ ಮುಟ್ಟಿಸುವ ಪ್ರೋಬ್ ಬೇರೆಯೇ ಇರಲಿ, ಆಗದಿದ್ದರೆ ಕವರ್ ಹಾಕಿ, ಆಮೇಲೆ ನಿಯಮದ ಪ್ರಕಾರ ಶುಚಿ ಮಾಡಿ.

ಹಂತ 4: ಸೂಜಿ, ಮತ್ತು ಅದರ ತುದಿ

ಇಡೀ ತರಬೇತಿಯಲ್ಲಿ ಅತಿ ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಇದು. ಹೊಸಬರು ಮಾಡುವ ತಪ್ಪುಗಳನ್ನು ವಿಡಿಯೋ ನೋಡಿ ಲೆಕ್ಕ ಹಾಕಿದ ಅಧ್ಯಯನಗಳಲ್ಲಿ ಎರಡು ತಪ್ಪು ಮೇಲಕ್ಕೆ ಬಂದವು: ಸೂಜಿ ಕಾಣದೆಯೇ ಮುಂದಕ್ಕೆ ತಳ್ಳುವುದು, ಗೊತ್ತಿಲ್ಲದೆಯೇ ಪ್ರೋಬ್ ಅಲುಗಾಡಿಸುವುದು. ಎರಡಕ್ಕೂ ಕಾರಣ ಒಂದೇ. ಅಲ್ಟ್ರಾಸೌಂಡ್ ಕಿರಣದ ದಪ್ಪ ಒಂದು ಮಿಲಿಮೀಟರ್ ಆಸುಪಾಸು ಅಷ್ಟೇ. ಸೂಜಿ ಕೂದಲೆಳೆಯಷ್ಟು ಪಕ್ಕಕ್ಕೆ ಹೋದರೂ ಪರದೆಯಿಂದ ಜಾರಿಹೋಗುತ್ತದೆ.

ಇನ್-ಪ್ಲೇನ್ ವಿಧಾನದಿಂದ, ಅಂದರೆ ಸೂಜಿ ಉದ್ದಕ್ಕೂ ಕಿರಣದೊಳಗೇ ಸಾಗುವ ರೀತಿಯಿಂದ, ಶುರು ಮಾಡಿ. ಪರದೆ, ಮಾದರಿ, ಕೈ, ಕಣ್ಣು ಒಂದೇ ಸಾಲಿನಲ್ಲಿರಲಿ. ಪರದೆ ಬೆನ್ನ ಹಿಂದೆಯೋ ಪಕ್ಕದಲ್ಲೋ ಇದ್ದರೆ ಕುತ್ತಿಗೆ ತಿರುಗಿದಾಗಲೆಲ್ಲ ಪ್ರೋಬ್ ಕೂಡ ತಿರುಗುತ್ತದೆ. ಪ್ರೋಬ್ ಅಂಚಿನಿಂದ ತುಸು ದೂರದಲ್ಲಿ, ಆದಷ್ಟು ಚಪ್ಪಟೆ ಕೋನದಲ್ಲಿ ಸೂಜಿ ಹಾಕಿಸಿ. ಕಡಿದಾಗಿ ಹೋದಷ್ಟೂ ಸೂಜಿ ಮಂಕಾಗುತ್ತದೆ.

ಈಗ ನೋಡಿ, ಹೀಗಾಗುತ್ತದೆ. ಬಿಳಿ ಗೆರೆ ಚೆನ್ನಾಗಿ ಕಾಣುತ್ತಿದೆ, ರೆಸಿಡೆಂಟ್ ಖುಷಿಯಿಂದ ಮುಂದಕ್ಕೆ ತಳ್ಳುತ್ತಾರೆ, ಗೆರೆ ಮಾತ್ರ ಅಲ್ಲೇ ನಿಂತಿದೆ. ಸೂಜಿ ಮುಂದೆ ಹೋಗುತ್ತಿದೆ, ಪರದೆಯ ಮೇಲಿನ ಗೆರೆ ಉದ್ದವಾಗುತ್ತಿಲ್ಲ. ಅಂದರೆ ಕಾಣುತ್ತಿರುವುದು ಸೂಜಿಯ ನಡುಭಾಗ. ಪ್ರೋಬ್ ಒಂಚೂರು ತಿರುಗಿದೆ, ತುದಿ ಕಿರಣದಿಂದ ಆಚೆ, ಎಲ್ಲೋ ಇನ್ನೂ ಆಳದಲ್ಲಿದೆ. ಈ ಕ್ಷಣದಲ್ಲಿ ಕೈ ನಿಲ್ಲಬೇಕು. ತರಬೇತುದಾರರು ತಕ್ಷಣ ‘ತುದಿ ಎಲ್ಲಿದೆ?’ ಅಂತ ಕೇಳಬೇಕು. ರೆಸಿಡೆಂಟ್ ಬೆರಳಿಟ್ಟು ತೋರಿಸಲಾಗದಿದ್ದರೆ ಸೂಜಿ ಇದ್ದಲ್ಲೇ ಇರಲಿ. ಮೊದಲು ಪ್ರೋಬ್ ಒಂದನ್ನೇ ನಿಧಾನವಾಗಿ ಜಾರಿಸಿ, ಆಮೇಲೆ ತಿರುಗಿಸಿ ಹುಡುಕಲಿ. ಸಿಗಲಿಲ್ಲವಾ? ಪರದೆ ಬಿಟ್ಟು ಕೆಳಗೆ ನೋಡಲಿ, ಸೂಜಿ ಮತ್ತು ಪ್ರೋಬ್ ಒಂದೇ ಗೆರೆಯಲ್ಲಿ ಇವೆಯಾ ಅಂತ ಬರಿಗಣ್ಣಿಗೇ ಕಾಣುತ್ತದೆ. ಎಷ್ಟೋ ಸಲ ಉತ್ತರ ಅಲ್ಲೇ ಇರುತ್ತದೆ. ಸೂಜಿ ಮತ್ತು ಪ್ರೋಬ್ ಎರಡನ್ನೂ ಒಟ್ಟಿಗೆ ಅಲ್ಲಾಡಿಸುತ್ತಾ ಹುಡುಕುವುದಕ್ಕೆ ಮಾತ್ರ ಬಿಡಬೇಡಿ. ಆ ಚಟ ಅಂಟಿಕೊಂಡರೆ ಬಿಡಿಸುವುದು ಕಷ್ಟ.

ಆಮೇಲೆ ನೀರು ಬಿಡುವುದು. ಮೊದಲು ಹಿಂದಕ್ಕೆಳೆದು ನೋಡಿ, ಒಂದು ಎಂಎಲ್ ಬಿಟ್ಟು ಎಲ್ಲಿ ಹರಡಿತು ನೋಡಿ. ಹರಡುವುದು ಕಾಣಲಿಲ್ಲ ಅಂದರೆ ತುದಿ ನೀವು ಅಂದುಕೊಂಡ ಜಾಗದಲ್ಲಿಲ್ಲ, ಅಥವಾ ರಕ್ತನಾಳದಲ್ಲಿದೆ. ಬಿಡುವಾಗ ಸಿರಿಂಜ್ ಗಟ್ಟಿ ಅನ್ನಿಸಿದರೆ ತಳ್ಳಬಾರದು. ಸಿರಿಂಜ್ ಹಿಡಿದ ಸಹಾಯಕರು ‘ಗಟ್ಟಿ ಇದೆ’ ಅಂತ ಜೋರಾಗಿ ಹೇಳುವುದನ್ನೂ ಇಲ್ಲೇ ರೂಢಿ ಮಾಡಿಸಿ.

2012ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಮಾಮೂಲಿ ಕಲಿಕೆಯ ಜೊತೆಗೆ ಸೂಜಿ ಹಾಕುವ ಸಿಮ್ಯುಲೇಶನ್ ಸೆಷನ್ ಸಿಕ್ಕ ರೆಸಿಡೆಂಟ್‌ಗಳ ಬ್ಲಾಕ್‌ಗಳಲ್ಲಿ ಶೇ. 64 ಯಶಸ್ವಿಯಾದವು, ಸಿಗದವರಲ್ಲಿ ಶೇ. 51. ಚಿಕ್ಕ ಗುಂಪುಗಳು ನಿಜ, ಆದರೂ ಇದು ದಿನದ ಕೆಲಸದಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ.

ಹಂತ 5: ಮಟ್ಟ ಬರೆದಿಡಿ, ಬೇರೆಯವರು ಅಳೆಯಲಿ

ಎಷ್ಟು ಸಲ ಮಾಡಿದರೆ ಬರುತ್ತದೆ? ಎಲ್ಲರೂ ಕೇಳುವ ಪ್ರಶ್ನೆ. ಶವದ ಮೇಲೆ ಸಯಾಟಿಕ್ ಬ್ಲಾಕ್ ಕಲಿಸಿ ನೋಡಿದ 2012ರ ಒಂದು ಅಧ್ಯಯನ, ಪಕ್ಕದಲ್ಲಿ ನಿಂತು ತಿದ್ದುವವರಿದ್ದರೆ ಸರಾಸರಿ ಸುಮಾರು 28 ಸಲ ಬೇಕಾಗಬಹುದು ಅಂತ ಅಂದಾಜು ಮಾಡಿತು. ಆದರೆ ಸರಾಸರಿಯನ್ನು ನಂಬಿ ಕೂರಬೇಡಿ. ಕೆಲವರಿಗೆ ಬೇಗ ಬರುತ್ತದೆ, ಕೆಲವರಿಗೆ ದುಪ್ಪಟ್ಟು ಹೊತ್ತು ಬೇಕು. ನಿಧಾನಕ್ಕೆ ಕಲಿತವರು ಆಮೇಲೆ ಕಮ್ಮಿ ಅನಸ್ತೆಟಿಸ್ಟ್ ಆಗುತ್ತಾರೆ ಅಂತೇನಿಲ್ಲ, ಅವರಿಗೆ ಆ ಹೊತ್ತು ಕೊಡಬೇಕು ಅಷ್ಟೆ.

ಹಾಗಾಗಿ ಎಣಿಕೆ ಬಿಟ್ಟು ತಪ್ಪುಗಳ ಪಟ್ಟಿ ಮಾಡಿ. ನಾನು ಒಪ್ಪುವ ಪಟ್ಟಿ ಹೀಗಿದೆ:

- ತುದಿ ಕಾಣದೆ ಸೂಜಿ ಮುಂದಕ್ಕೆ ಹೋಯಿತು
- ಹಿಂದಕ್ಕೆಳೆದು ನೋಡದೆ ಔಷಧಿ ಬಿಟ್ಟರು
- ಹರಡುವುದು ಕಾಣದಿದ್ದರೂ, ಅಥವಾ ಸಿರಿಂಜ್ ಗಟ್ಟಿಯಾಗಿದ್ದರೂ ಬಿಡುತ್ತಲೇ ಹೋದರು
- ಸೂಜಿ ನರವನ್ನೋ ರಕ್ತನಾಳವನ್ನೋ ಚುಚ್ಚಿತು
- ಸ್ಟೆರೈಲ್ ಕೈ ಸ್ಟೆರೈಲ್ ಅಲ್ಲದ್ದನ್ನು ಮುಟ್ಟಿತು

ಈ ಐದರಲ್ಲಿ ಒಂದೂ ಇಲ್ಲದೆ ಸತತ ಮೂರು ಸಲ, ಮಾಂಸದ ಮಾದರಿಯ ಮೇಲೆ. ಎರಡು ಸರಿಯಾಗಿ ಮೂರನೆಯದರಲ್ಲಿ ತಪ್ಪಿದರೆ ಮತ್ತೆ ಒಂದರಿಂದ. ಕೇಳಲು ಕಠಿಣ ಅನ್ನಿಸಬಹುದು, ಆದರೆ ರೆಸಿಡೆಂಟ್‌ಗಳಿಗೆ ಇದು ಇಷ್ಟವಾಗುತ್ತದೆ, ಯಾಕೆಂದರೆ ಏನು ಮಾಡಿದರೆ ಪಾಸು ಅಂತ ಅವರಿಗೆ ಮೊದಲೇ ಗೊತ್ತಿರುತ್ತದೆ. ಪರದೆಯ ವಿಡಿಯೋ, ಕೈಗಳ ವಿಡಿಯೋ ಎರಡನ್ನೂ ಮಾಡಿಟ್ಟುಕೊಳ್ಳಿ. ‘ತುದಿ ಕಾಣುತ್ತಲೇ ಇತ್ತು’ ಅಂತ ಪ್ರಾಮಾಣಿಕವಾಗಿ ನಂಬಿದವರಿಗೆ ವಿಡಿಯೋ ನೋಡಿದಾಗಷ್ಟೇ ಅದು ಕಾಣೆಯಾಗಿದ್ದ ಕ್ಷಣಗಳು ಗೊತ್ತಾಗುವುದು.

ಅಭ್ಯಾಸವನ್ನು ಒಂದೇ ದಿನ ತುರುಕಬೇಡಿ. ವಾರಕ್ಕೆರಡು ಸಲ ಅರ್ಧ ಗಂಟೆ, ಒಂದು ಇಡೀ ಭಾನುವಾರಕ್ಕಿಂತ ಮೇಲು.

ಹಂತ 6: ಎಡವಟ್ಟಾದಾಗ ಏನು ಮಾಡಬೇಕು ಅನ್ನೋ ಡ್ರಿಲ್

ಕೈ ಕೆಲಸ ಎಷ್ಟೇ ಚೆನ್ನಾಗಿದ್ದರೂ ಲೋಕಲ್ ಅನಸ್ತೆಟಿಕ್ (ಮರಗಟ್ಟಿಸುವ ಔಷಧಿ) ರಕ್ತಕ್ಕೆ ಹೋಗಿ ವಿಷವಾಗುವ ಸಾಧ್ಯತೆ ಪೂರ್ತಿ ಇಲ್ಲವಾಗಲ್ಲ. ಅಪರೂಪ, ಆದ್ದರಿಂದಲೇ ಅದನ್ನು ರೋಗಿಯ ಮೇಲೆ ನೋಡಿ ಕಲಿಯಲು ಆಗಲ್ಲ, ಸಿಮ್ಯುಲೇಶನ್ ಒಂದೇ ದಾರಿ.

ಲೆಕ್ಕದಿಂದ ಶುರು ಮಾಡಿ. 60 ಕೆಜಿ ರೋಗಿ, ಬುಪಿವಕೇನ್ ಅನ್ನೋ ಲೋಕಲ್ ಅನಸ್ತೆಟಿಕ್‌ಗೆ ಕೆಜಿಗೆ 2 ಮಿಗ್ರಾಂ ಮಿತಿ ಇಟ್ಟುಕೊಂಡರೆ 120 ಮಿಗ್ರಾಂ. ಶೇ. 0.5 ದ್ರಾವಣದಲ್ಲಿ ಒಂದು ಎಂಎಲ್‌ಗೆ 5 ಮಿಗ್ರಾಂ, ಅಂದರೆ 24 ಎಂಎಲ್. ಇದನ್ನು ಸಿರಿಂಜ್ ತುಂಬುವ ಮೊದಲೇ ಬಾಯಿಬಿಟ್ಟು ಹೇಳಬೇಕು.

ಈಗ ದೃಶ್ಯ. ಬ್ಲಾಕ್ ಮುಗಿದಿದೆ, ಬೊಂಬೆಯ ಪರವಾಗಿ ಮಾತಾಡುವವರು ‘ಬಾಯಿ ಸುತ್ತ ಜುಮ್ಮೆನ್ನುತ್ತಿದೆ, ಕಿವಿಯಲ್ಲಿ ಗುಂಯ್ ಅಂತಿದೆ’ ಅನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಫಿಟ್ಸ್, ಆಮೇಲೆ ಮಾನಿಟರ್‌ನಲ್ಲಿ ಹೃದಯದ ಲಯ ಕೆಡುತ್ತದೆ. ರೆಸಿಡೆಂಟ್ ಏನೇನು ಮಾಡಬೇಕು? ಔಷಧಿ ಬಿಡುವುದು ನಿಲ್ಲಿಸಿ, ಸಹಾಯಕ್ಕೆ ಕೂಗಿ, ಆಕ್ಸಿಜನ್ ಕೊಟ್ಟು ಉಸಿರಾಟ ನೋಡಿಕೊಂಡು, ಫಿಟ್ಸ್‌ಗೆ ಬೆಂಜೊಡಯಾಜೆಪಿನ್ ಕೊಟ್ಟು, ಈ ವಿಷಕ್ಕೆ ಮದ್ದಾದ ಶೇ. 20ರ ಲಿಪಿಡ್ (ರಕ್ತನಾಳಕ್ಕೆ ಕೊಡುವ ಕೊಬ್ಬಿನ ದ್ರಾವಣ) ತರಿಸಬೇಕು. 70 ಕೆಜಿಗಿಂತ ಕಡಿಮೆ ತೂಕದವರಿಗೆ ಕೆಜಿಗೆ 1.5 ಎಂಎಲ್, ನಮ್ಮ ಈ ರೋಗಿಗೆ 90 ಎಂಎಲ್, ಎರಡು ಮೂರು ನಿಮಿಷದಲ್ಲಿ. ಆಮೇಲೆ ಕೆಜಿಗೆ ನಿಮಿಷಕ್ಕೆ 0.25 ಎಂಎಲ್, ಅಂದರೆ ನಿಮಿಷಕ್ಕೆ 15 ಎಂಎಲ್. ಒಟ್ಟು ಕೆಜಿಗೆ 12 ಎಂಎಲ್ ಮೀರಬಾರದು. ಹೃದಯ ನಿಂತರೆ ಸಿಪಿಆರ್, ಆದರೆ ಅಡ್ರಿನಲಿನ್ ಮಾಮೂಲಿ ಒಂದು ಮಿಗ್ರಾಂ ಅಲ್ಲ, ಕೆಜಿಗೆ 1 ಮೈಕ್ರೋಗ್ರಾಂ ಅಥವಾ ಅದಕ್ಕೂ ಕಡಿಮೆ. ವ್ಯಾಸೊಪ್ರೆಸಿನ್, ಬೀಟಾ ಬ್ಲಾಕರ್, ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ಬೇಡ. ಲಯ ಸರಿ ಮಾಡಲು ಲಿಗ್ನೊಕೇನ್ ಅಂತೂ ಬೇಡವೇ ಬೇಡ.

ಇದನ್ನೆಲ್ಲ ನೆನಪಿನಿಂದ ಮಾಡಿಸಬೇಡಿ. ಅಮೆರಿಕದ ರೀಜನಲ್ ಅನಸ್ತೇಷಿಯಾ ಸೊಸೈಟಿ ಆಸ್ರಾದ ಚೆಕ್‌ಲಿಸ್ಟ್ ಇದೆ, ಅದನ್ನು ಒಬ್ಬರು ಜೋರಾಗಿ ಓದಲಿ, ಉಳಿದವರು ಮಾಡಲಿ. ಓದುವವರು ಬೇರೆ ಕೆಲಸಕ್ಕೆ ಕೈ ಹಾಕಬಾರದು.

ಈ ಡ್ರಿಲ್ ಅನ್ನು ಲ್ಯಾಬ್‌ನಲ್ಲಿ ಒಮ್ಮೆ ಮಾಡಿ, ಆಮೇಲೆ ನಿಜವಾದ ಆಪರೇಷನ್ ಥಿಯೇಟರ್‌ನಲ್ಲೇ ಮಾಡಿ. ಲಿಪಿಡ್ ಎಲ್ಲಿಟ್ಟಿದ್ದಾರೆ, ಕಪಾಟಿನ ಕೀಲಿ ಯಾರ ಹತ್ತಿರ ಇದೆ, 90 ಎಂಎಲ್ ಎಳೆಯಲು ದೊಡ್ಡ ಸಿರಿಂಜ್ ಇದೆಯಾ, ಇವೆಲ್ಲ ಅಲ್ಲೇ ಗೊತ್ತಾಗುವುದು. ತರಲು ಎಷ್ಟು ಹೊತ್ತಾಯಿತು ಅಂತ ಗಡಿಯಾರ ನೋಡಿ ಬರೆದುಕೊಳ್ಳಿ.

ತಪ್ಪು ಬದಿಗೆ ಬ್ಲಾಕ್ ಹಾಕುವುದೂ ಹೀಗೇ ಅಭ್ಯಾಸದಿಂದ ತಡೆಯಬೇಕಾದದ್ದು. ಬ್ರಿಟನ್‌ನಲ್ಲಿ ‘ಪ್ರೆಪ್, ಸ್ಟಾಪ್, ಬ್ಲಾಕ್’ ಅಂತ ಒಂದು ಕ್ರಮ ಇದೆ: ಎಲ್ಲ ಸಿದ್ಧ ಮಾಡಿಕೊಳ್ಳಿ, ಸೂಜಿ ಚುಚ್ಚುವ ಕ್ಷಣಕ್ಕೆ ಮುಂಚೆ ನಿಂತು ಬದಿ ಖಚಿತ ಮಾಡಿಕೊಳ್ಳಿ, ತಕ್ಷಣ ಬ್ಲಾಕ್ ಹಾಕಿ. ಡ್ರಿಲ್‌ನಲ್ಲಿ ಬೇಕಂತಲೇ ಅಡ್ಡಿ ಮಾಡಿ. ಬದಿ ಕೇಳಿದ ಮೇಲೆ ಫೋನ್ ಬರಲಿ, ರೋಗಿಯನ್ನು ಬೋರಲು ಮಲಗಿಸಲಿ. ಮತ್ತೆ ನಿಂತು ಕೇಳುತ್ತಾರಾ ನೋಡಿ.

ಹಂತ 7: ಕೂತು ಮಾತಾಡಿ

ಡ್ರಿಲ್ ಮುಗಿದ ಮೇಲಿನ ಮಾತುಕತೆಗೆ ಡ್ರಿಲ್‌ನಷ್ಟೇ ಹೊತ್ತಾದರೂ ಇಡಿ. ‘ನೀನು ಯಾಕೆ ಹೀಗೆ ಮಾಡಿದೆ?’ ಅಂತ ಗದರುವ ಬದಲು ‘ಸಿರಿಂಜ್ ಗಟ್ಟಿ ಇದೆ ಅಂದಾಗ್ಲೂ ನೀವು ಸೂಜಿ ಸರಿಸಲಿಲ್ಲ, ಆಗ ಏನು ಯೋಚನೆ ಮಾಡ್ತಿದ್ರಿ?’ ಅಂತ ಕೇಳಿ. ಕಂಡದ್ದನ್ನು ಹೇಳಿ, ಆಮೇಲೆ ಕೇಳಿ, ಉತ್ತರಕ್ಕೆ ಕಾಯಿರಿ. ಒಬ್ಬರಿಗೆ ಅಂಗರಚನೆ ತಪ್ಪಾಗಿ ಅರ್ಥವಾಗಿರಬಹುದು, ಇನ್ನೊಬ್ಬರಿಗೆ ಸೀನಿಯರ್ ಎದುರು ನಿಲ್ಲಿಸಲು ಹೆದರಿಕೆ ಇದ್ದಿರಬಹುದು. ಹೊರಗಿಂದ ಎರಡೂ ಒಂದೇ ತಪ್ಪು, ತಿದ್ದುವ ರೀತಿ ಬೇರೆ ಬೇರೆ.

ಹಂತ 8: ರೋಗಿಯ ಹತ್ತಿರ

ಮಟ್ಟ ಮುಟ್ಟಿದವರನ್ನು ಬೇಗ ಥಿಯೇಟರ್‌ಗೆ ಕರೆದೊಯ್ಯಿರಿ, ತಿಂಗಳುಗಟ್ಟಲೆ ಬಿಟ್ಟರೆ ಕೈ ಮರೆಯುತ್ತದೆ. ಮೊದಮೊದಲು ರೆಸಿಡೆಂಟ್ ಸ್ಕ್ಯಾನ್ ಮಾಡಲಿ, ಸೂಜಿ ಸೀನಿಯರ್ ಹಾಕಲಿ. ಆಮೇಲೆ ಫೀಮೊರಲ್‌ನಂಥ, ಹೆಚ್ಚು ಆಳವಿಲ್ಲದ ಬ್ಲಾಕ್ ಪೂರ್ತಿ ಅವರೇ ಹಾಕಲಿ, ಸೀನಿಯರ್ ಪಕ್ಕದಲ್ಲೇ ನಿಂತಿರಲಿ. ಕಲಿಯುತ್ತಿರುವ ವೈದ್ಯರು ಬ್ಲಾಕ್ ಹಾಕುತ್ತಾರೆ, ಪಕ್ಕದಲ್ಲಿ ಅನುಭವಿಗಳಿರುತ್ತಾರೆ ಅಂತ ರೋಗಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ರೋಗಿಗೆ ಗಾಬರಿ ಆಗದಂಥ ಒಂದು ಪದವನ್ನು ಇಬ್ಬರೂ ಗೊತ್ತು ಮಾಡಿಕೊಂಡಿರಿ. ‘ಒಂದ್ನಿಮಿಷ’ ಅಂದರೆ ಸೂಜಿ ಅಲ್ಲೇ ನಿಲ್ಲಬೇಕು, ಚರ್ಚೆ ಆಮೇಲೆ. ಎಷ್ಟು ಪ್ರಯತ್ನಕ್ಕೆ ಸೀನಿಯರ್ ಕೈಗೆ ಕೊಡಬೇಕು ಅನ್ನೋದನ್ನೂ ಒಳಗೆ ಹೋಗುವ ಮೊದಲೇ ಮಾತಾಡಿ.

ಲಾಗ್‌ಬುಕ್‌ನಲ್ಲಿ ಬ್ಲಾಕ್‌ನ ಹೆಸರು, ತಾರೀಖು ಬರೆದು ಬಿಡಬೇಡಿ. ತುದಿ ಎಲ್ಲಿ ತಪ್ಪಿತು, ಬ್ಲಾಕ್ ಪೂರ್ತಿ ಹಿಡಿಯಿತಾ, ಮಾರನೇ ದಿನ ರೋಗಿಗೆ ಜುಮ್ಮೆನ್ನುವುದು ಅಥವಾ ಶಕ್ತಿ ಇಲ್ಲದ್ದು ಉಳಿದಿದೆಯಾ ಅಂತ ಹೋಗಿ ಕೇಳಿ ಬರೆಯಿರಿ. ರಜೆಯೋ ಬೇರೆ ಪೋಸ್ಟಿಂಗೋ ಮುಗಿಸಿ ಬಂದವರು ಮತ್ತೆ ಮೂರು ಸಲ ಮಾಂಸದ ಮಾದರಿಯ ಮೇಲೆ ತಪ್ಪಿಲ್ಲದೆ ಮಾಡಿ ತೋರಿಸಲಿ, ಆಮೇಲೆ ಥಿಯೇಟರ್ ಪಟ್ಟಿಯಲ್ಲಿ ಹೆಸರು ಹಾಕಿ.